ಮ್ಯೂಸಿಯಮ್ಮಿನ ಒಂದು ವಾರ: ತೋರಿಸುವುದಕ್ಕೂ ಉಳಿಸುವುದಕ್ಕೂ ನಡುವೆ

ಯಾವುದೇ ಕಲಾ ಮ್ಯೂಸಿಯಮ್ಮಿನ ವಾರದ ಕಾರ್ಯಕ್ರಮ ಪಟ್ಟಿ ಓದಲು ಸಲೀಸು. ಸೋಮವಾರ ರಜೆ, ಬುಧವಾರ ಕ್ಯುರೇಟರ್ ಜೊತೆ ಮಾತುಕತೆ, ಗುರುವಾರ ಸಂಜೆ ಹೊಸ ಪ್ರದರ್ಶನದ ಉದ್ಘಾಟನೆ, ಶುಕ್ರವಾರ ರಾತ್ರಿ ಒಂಬತ್ತರವರೆಗೂ ಪ್ರವೇಶ, ಶನಿವಾರ ಮಕ್ಕಳಿಗೆ ಚಿತ್ರ ಬಿಡಿಸುವ ತರಗತಿ, ಭಾನುವಾರ ಮಾರ್ಗದರ್ಶಕರೊಂದಿಗೆ ಒಂದು ಸುತ್ತು. ಇದರ ಹಿಂದೆ ಹೊರಗಿನವರು ನೋಡದ ಇನ್ನೊಂದು ಪಟ್ಟಿ ಇರುತ್ತದೆ. ಯಾವ ಕೋಣೆಯ ದೀಪ ಎಷ್ಟು ಗಂಟೆ ಉರಿಯಿತು, ಗಾಳಿಯ ತೇವಾಂಶ ಎಲ್ಲಿಂದ ಎಲ್ಲಿಗೆ ಏರಿತು, ಯಾವ ಚಿತ್ರವನ್ನು ಯಾರು ಯಾವಾಗ ಕೆಳಗಿಳಿಸಿದರು ಎಂಬ ಪಟ್ಟಿ ಅದು. ಕಲಾಕೃತಿಯನ್ನು ತೋರಿಸಿದಷ್ಟೂ ಅದು ಸವೆಯುತ್ತದೆ. ಹಾಗೆಂದು ತೋರಿಸದೆ ಬೀಗ ಹಾಕಿಟ್ಟರೆ ಮ್ಯೂಸಿಯಂ ಇದ್ದೂ ಪ್ರಯೋಜನವಿಲ್ಲ. ವಾರದ ಒಂದೊಂದು ಕಾರ್ಯಕ್ರಮವೂ ಈ ಎರಡರ ನಡುವೆ ಮಾಡಿಕೊಂಡ ರಾಜಿ. ಆ ರಾಜಿಯ ಲೆಕ್ಕ ಗೊತ್ತಿದ್ದವರಿಗೆ ಯಾವ ದಿನ ಹೋಗಬೇಕು, ಏನನ್ನು ಮೊದಲು ನೋಡಬೇಕು ಎನ್ನುವುದೂ ತಾನಾಗಿ ಗೊತ್ತಾಗುತ್ತದೆ.

ರಜೆಯ ದಿನದಿಂದಲೇ ಶುರು ಮಾಡಬೇಕು, ಯಾಕೆಂದರೆ ಒಳಗಿನವರಿಗೆ ಅಷ್ಟು ಕೆಲಸದ ದಿನ ಇನ್ನೊಂದಿಲ್ಲ. ಎಲ್ಲ ಮ್ಯೂಸಿಯಮ್ಮುಗಳಿಗೂ ಸೋಮವಾರವೇ ರಜೆ ಎಂದುಕೊಳ್ಳುವುದು ತಪ್ಪು. ಪ್ಯಾರಿಸ್ಸಿನಲ್ಲೇ ಓರ್ಸೆ ಸೋಮವಾರ ಮುಚ್ಚಿದರೆ ಲೂವ್ರ್ ಮಂಗಳವಾರ ಮುಚ್ಚುತ್ತದೆ. ಹಿಂದೆ ಲೂವ್ರ್‌ಗೂ ಸೋಮವಾರವೇ ರಜೆಯಿತ್ತು. 1911ರ ಆಗಸ್ಟ್ 21, ಅಂಥದೇ ಒಂದು ಸೋಮವಾರ, ಮೋನಾ ಲೀಸಾ ಕಳುವಾಯಿತು. ಚಿತ್ರ ಇಲ್ಲವೆಂಬುದು ಬಯಲಾದದ್ದು ಮರುದಿನ, ಅದೂ ಅಲ್ಲಿ ಚಿತ್ರ ಬಿಡಿಸಲು ಬಂದ ಒಬ್ಬ ಕಲಾವಿದ ವಿಚಾರಿಸಿದ ಮೇಲೆ. ಫೋಟೋ ತೆಗೆಯಲು ಒಯ್ದಿರಬೇಕು ಎಂದು ಕಾವಲಿನವರು ಸುಮ್ಮನಿದ್ದರು. ಚಿತ್ರ ಫ್ಲಾರೆನ್ಸಿನಲ್ಲಿ ಸಿಕ್ಕಿದ್ದು 1913ರ ಡಿಸೆಂಬರಿನಲ್ಲಿ. ಇಂದು ಗೋಡೆಯಿಂದ ಯಾವ ಕೃತಿ ಇಳಿದರೂ ಆ ಖಾಲಿ ಜಾಗದಲ್ಲಿ ಒಂದು ಚೀಟಿ ಇರಬೇಕೆಂಬ ನಿಯಮ ಎಷ್ಟು ಮುಖ್ಯ ಎಂಬುದು ಈ ಘಟನೆಯಿಂದ ತಿಳಿಯುತ್ತದೆ. ಕೃತಿಯ ನೋಂದಣಿ ಸಂಖ್ಯೆ, ತೆಗೆದ ದಿನಾಂಕ, ಎಲ್ಲಿಗೆ ಹೋಗಿದೆ, ತೆಗೆದವರ ಸಹಿ, ಇಷ್ಟು ಅದರಲ್ಲಿರುತ್ತದೆ. ನೋಡಲು ಬಂದವರಿಗೆ ನಿರಾಸೆ ತರುವ ಚೀಟಿಯೇ ಹೌದು, ಆದರೆ ಚೀಟಿಯಿಲ್ಲದ ಖಾಲಿ ಜಾಗ ಕಂಡರೆ ಕಾವಲಿನವರನ್ನು ಕೇಳಲೇಬೇಕು.

ಹೊಸ ಪ್ರದರ್ಶನಕ್ಕೆ ಎರವಲು ಬಂದ ಕೃತಿಗಳ ಕ್ರೇಟುಗಳು ಸಾಮಾನ್ಯವಾಗಿ ಇದಕ್ಕೆ ಮುಂಚೆಯೇ ಬಂದಿಳಿದಿರುತ್ತವೆ. ಬಂದ ಕೂಡಲೇ ಅವುಗಳ ಮುಚ್ಚಳ ತೆರೆಯುವಂತಿಲ್ಲ. ಪ್ರದರ್ಶನದ ಕೋಣೆಯಲ್ಲೋ ಅದೇ ಹವೆಯಿರುವ ಇನ್ನೊಂದು ಕಡೆಯೋ ಕನಿಷ್ಠ 24 ಗಂಟೆ ಹಾಗೇ ನಿಲ್ಲಿಸಬೇಕು. ತಣ್ಣನೆಯ ಲಾರಿಯಿಂದಲೋ ವಿಮಾನದಿಂದಲೋ ಇಳಿದ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ಥಟ್ಟನೆ ತೆರೆದರೆ ಒಳಗಿನ ತಣ್ಣನೆಯ ಮೈಮೇಲೆ ತೇವ ಕೂರುತ್ತದೆ. ಮರದ ಹಲಗೆಯ ಮೇಲೆ ಬರೆದ ಚಿತ್ರವಾದರೆ ಹಲಗೆ ಉಬ್ಬಲು ತೊಡಗುತ್ತದೆ, ಮೇಲಿನ ಬಣ್ಣದ ಪದರಕ್ಕೆ ಅಷ್ಟೇ ವೇಗದಲ್ಲಿ ಹಿಗ್ಗಲು ಆಗುವುದಿಲ್ಲ, ಬಣ್ಣ ಬಿರುಕು ಬಿಡುತ್ತದೆ ಇಲ್ಲವೇ ಎದ್ದು ನಿಲ್ಲುತ್ತದೆ. ಉದ್ಘಾಟನೆಗೆ ದಿನ ಹತ್ತಿರವಾದಾಗ ಈ ಒಂದು ದಿನವನ್ನು ಉಳಿಸಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಗೆ ಬಗ್ಗದಿರುವುದೇ ಒಳ್ಳೆಯ ರಿಜಿಸ್ಟ್ರಾರರ, ಅಂದರೆ ಕೃತಿಗಳ ದಾಖಲೆ ಮತ್ತು ಸಾಗಣೆ ನೋಡಿಕೊಳ್ಳುವವರ, ಗುರುತು.

ಕ್ರೇಟು ತೆರೆದ ಮೇಲೆ ಮೊದಲ ಕೆಲಸ ಸ್ಥಿತಿ ವರದಿ. ಕೃತಿಯನ್ನು ಮೆತ್ತನೆಯ ಹಾಸಿನ ಮೇಜಿನ ಮೇಲೆ ಮಲಗಿಸಿ, ಕಳುಹಿಸಿದವರು ಕೊಟ್ಟ ವರದಿಯನ್ನೂ ಫೋಟೋವನ್ನೂ ಪಕ್ಕದಲ್ಲಿಟ್ಟುಕೊಂಡು, ಟಾರ್ಚನ್ನು ಚಿತ್ರದ ಮೈಗೆ ಸಮಾನಾಂತರವಾಗಿ ಹಿಡಿದು ಅಂಚಿನಿಂದ ಬೆಳಕು ಹರಿಸುತ್ತಾರೆ. ನೇರ ಬೆಳಕಿನಲ್ಲಿ ನಯವಾಗಿ ಕಂಡ ಮೈಯ ಮೇಲೆ ಓರೆ ಬೆಳಕಿನಲ್ಲಿ ಉಬ್ಬು, ತಗ್ಗು, ಎದ್ದ ಬಣ್ಣದ ಚಕ್ಕೆ, ಹಳೆಯ ಹೊಲಿಗೆಯ ತೇಪೆ ಎಲ್ಲವೂ ನೆರಳು ಚೆಲ್ಲುತ್ತವೆ. ಮೇಲಿನ ಎಡಮೂಲೆಯಿಂದ ಆರಂಭಿಸಿ ಸಾಲುಸಾಲಾಗಿ ನೋಡಬೇಕು. ಮನಸ್ಸಿಗೆ ಬಂದ ಕಡೆ ಕಣ್ಣಾಡಿಸಿದರೆ ಮಧ್ಯಭಾಗ ಎರಡು ಸಲ ನೋಡಿ ಅಂಚು ಬಿಟ್ಟುಹೋಗುತ್ತದೆ. ಹಾನಿ ಹೆಚ್ಚಾಗಿ ಆಗುವುದು ಅಂಚಿನಲ್ಲೇ, ಚೌಕಟ್ಟು ಉಜ್ಜುವ ಕಡೆ. ಕ್ಯಾನ್ವಾಸಿನ ಹಿಂದೆ ಮೂಲೆಗಳಲ್ಲಿ ಸಿಕ್ಕಿಸಿದ ಮರದ ಬೆಣೆಗಳು ಸ್ವಸ್ಥಾನದಲ್ಲಿವೆಯೇ, ಚೌಕಟ್ಟಿನ ನಾಲ್ಕು ಕೂಡುಮೂಲೆಗಳು ಬಿಟ್ಟಿವೆಯೇ ನೋಡಿ, ಎರಡೂ ಕಡೆಯವರು ಸಹಿ ಹಾಕುತ್ತಾರೆ. ಪ್ರದರ್ಶನ ಮುಗಿದು ಕೃತಿ ಮರಳುವಾಗ ಇದೇ ಕಾಗದ ಮತ್ತೆ ಹೊರಬರುತ್ತದೆ.

ಎತ್ತಿ ಸಾಗಿಸುವ ನಿಯಮಗಳು ಕೇಳಲು ಸಣ್ಣವು. ಚೌಕಟ್ಟಿನ ಮೇಲಂಚು ಹಿಡಿದು ಎತ್ತಬಾರದು, ಹಳೆಯ ಅಂಟು ಬಿಟ್ಟು ಪಟ್ಟಿ ಕೈಗೆ ಬಂದುಬಿಡುತ್ತದೆ. ಒಂದು ಕೈ ಕೆಳಗೆ, ಒಂದು ಕೈ ಪಕ್ಕದಲ್ಲಿ. ಹೊರಡುವ ಮೊದಲೇ ದಾರಿಯ ಬಾಗಿಲುಗಳು ತೆರೆದಿರಬೇಕು, ಇಳಿಸುವ ಕಡೆ ನೆಲದ ಮೇಲೆ ಮೆತ್ತೆ ಸುತ್ತಿದ ದಿಮ್ಮಿಗಳು ಕಾದಿರಬೇಕು. ಗಾಜು ಹಾಕಿದ ಚಿತ್ರ ಪ್ರಯಾಣ ಹೊರಟರೆ ಗಾಜಿನ ಮೇಲೆ ಟೇಪನ್ನು ಜಾಲದಂತೆ ಅಂಟಿಸುತ್ತಾರೆ, ಒಡೆದರೂ ಚೂರು ಚಿತ್ರವನ್ನು ಕೊಯ್ಯಬಾರದೆಂದು. ಅಕ್ರಿಲಿಕ್ ಹಾಳೆಯಾದರೆ ಟೇಪು ಬೇಡ, ಅಂಟಿನ ಕಲೆ ಉಳಿಯುತ್ತದೆ. ಇದ್ದಿಲು, ಪೇಸ್ಟಲ್ ಚಿತ್ರಗಳ ಮುಂದೆ ಸಾದಾ ಅಕ್ರಿಲಿಕ್ ಹಾಳೆಯನ್ನೇ ಹಾಕುವಂತಿಲ್ಲ, ಅದರ ಸ್ಥಿರವಿದ್ಯುತ್ತು ಬಣ್ಣದ ಪುಡಿಯನ್ನು ಎಳೆದುಕೊಳ್ಳುತ್ತದೆ.

ತೂಗುಹಾಕುವ ಲೆಕ್ಕವನ್ನು ಮನೆಯಲ್ಲೂ ಬಳಸಬಹುದು. ಚಿತ್ರದ ನಡುಬಿಂದು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿರಲಿ ಎಂಬುದು ಬಹುಕಡೆಯ ರೂಢಿ. ಹಾಗಾದರೆ ಮೊಳೆ ಎಲ್ಲಿ ಹೊಡೆಯಬೇಕು? 150ಕ್ಕೆ ಚಿತ್ರದ ಎತ್ತರದ ಅರ್ಧ ಕೂಡಿಸಿ, ಅದರಿಂದ ಚೌಕಟ್ಟಿನ ಮೇಲಂಚಿಗೂ ಬಿಗಿಯಾಗಿ ಎಳೆದ ತಂತಿಗೂ ಇರುವ ಅಂತರ ಕಳೆಯಬೇಕು. 80 ಸೆಂಟಿಮೀಟರ್ ಎತ್ತರದ ಚಿತ್ರ, ತಂತಿ 9 ಸೆಂಟಿಮೀಟರ್ ಕೆಳಗಿದ್ದರೆ, 150 ಕೂಡಿಸು 40 ಕಳೆ 9, ಅಂದರೆ 181. ತಂತಿಯನ್ನು ಸಡಿಲ ಬಿಟ್ಟು ಅಳೆದರೆ ಚಿತ್ರ ಒಂದೆರಡು ಸೆಂಟಿಮೀಟರ್ ಕೆಳಕ್ಕೆ ಹೋಗಿ ಸಾಲು ತಪ್ಪುತ್ತದೆ. ದೊಡ್ಡ ಕೃತಿಗಳಿಗೆ ತಂತಿಯೇ ಬೇಡ, ಎರಡು ಬದಿಗೆ ಎರಡು ಲೋಹದ ಪಟ್ಟಿ ಹಾಕಿ ಗೋಡೆಗೆ ತಿರುಪಿನಿಂದ ಬಿಗಿದರೆ ಓರೆಯಾಗುವುದೂ ಇಲ್ಲ, ಯಾರಾದರೂ ಎತ್ತಿಕೊಂಡು ಹೋಗುವುದೂ ಸುಲಭವಲ್ಲ.

ಅಳತೆ ಸರಿಯಿದ್ದೂ ತಪ್ಪು ನುಸುಳಬಹುದು. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಮಾತೀಸನ ದೋಣಿಯ ಕಾಗದ ಕೃತಿ 47 ದಿನ ತಲೆಕೆಳಗಾಗಿ ತೂಗಿತ್ತು, ಕಂಡುಹಿಡಿದದ್ದು ನೋಡಲು ಬಂದ ಒಬ್ಬ ಮಹಿಳೆ. ಮೊಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪುಗಳಿಂದ ಮಾಡಿದ ಒಂದು ಕೃತಿ ದಶಕಗಳ ಕಾಲ ತಲೆಕೆಳಗಾಗಿಯೇ ಪ್ರದರ್ಶನಗೊಂಡಿತ್ತೆಂದು 2022ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫಿನಲ್ಲಿ ಹೇಳಲಾಯಿತು. ಅದನ್ನು ತಿರುಗಿಸಲೂ ಇಲ್ಲ. ಟೇಪುಗಳು ಆಗಲೇ ಸಡಿಲಾಗಿವೆ, ತಿರುಗಿಸಿದರೆ ಕಳಚಿ ಬೀಳಬಹುದು ಎಂಬ ಕಾರಣಕ್ಕೆ. ಸರಿಯಾದ ದಿಕ್ಕಿಗಿಂತ ಕೃತಿ ಉಳಿಯುವುದು ಮುಖ್ಯ ಎಂದು ತೀರ್ಮಾನಿಸಿದ್ದು ನನಗೆ ಸರಿಯೆನಿಸುತ್ತದೆ.

ಹೊಸದಾಗಿ ಬಣ್ಣ ಬಳಿದ ಗೋಡೆಯೂ ತೊಂದರೆ ಕೊಡುತ್ತದೆ. ಒಣಗಿದಂತೆ ಕಂಡರೂ ಬಣ್ಣ ದಿನಗಟ್ಟಲೆ ಆವಿ ಬಿಡುತ್ತಿರುತ್ತದೆ. ತೆರೆದ ಕೋಣೆಯಲ್ಲಿ ಕೆಲವು ದಿನ ಸಾಕು. ಗಾಜಿನ ಪೆಟ್ಟಿಗೆಯ ಒಳಮೈಗೆ ಬಳಿದದ್ದಾದರೆ ಸುಮಾರು ನಾಲ್ಕು ವಾರ ಬಿಡಬೇಕು, ಅಲ್ಲಿ ಗಾಳಿಯಾಡುವುದಿಲ್ಲ. ಪೆಟ್ಟಿಗೆಯೊಳಗೆ ಬಳಸುವ ಬಟ್ಟೆ, ಹಲಗೆ, ಅಂಟು ಯೋಗ್ಯವೇ ಎಂದು ತಿಳಿಯಲು ಆಡಿ ಪರೀಕ್ಷೆ ಎಂಬುದಿದೆ. ವಸ್ತುವಿನ ತುಣುಕನ್ನು ಬೆಳ್ಳಿ, ತಾಮ್ರ, ಸೀಸದ ಚಿಕ್ಕ ತಗಡುಗಳ ಜೊತೆ, ಸ್ವಲ್ಪ ನೀರಿನೊಂದಿಗೆ ಮುಚ್ಚಿದ ಸೀಸೆಯಲ್ಲಿಟ್ಟು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಕಾಯಿಸುತ್ತಾರೆ. ಬೆಳ್ಳಿ ಕಪ್ಪಾದರೆ ಗಂಧಕ, ಸೀಸದ ಮೇಲೆ ಬಿಳಿ ಹುಡಿ ಬಂದರೆ ಆಮ್ಲದ ಆವಿ. ಇಪ್ಪತ್ತೆಂಟು ದಿನದ ಪರೀಕ್ಷೆಯನ್ನು ಉದ್ಘಾಟನೆಯ ವಾರದಲ್ಲಿ ನೆನೆದು ಪ್ರಯೋಜನವಿಲ್ಲ, ತಿಂಗಳುಗಳ ಹಿಂದೆಯೇ ಆಗಿರಬೇಕು.

ಇನ್ನು ಬೆಳಕು. ವಾರದ ಇಡೀ ವೇಳಾಪಟ್ಟಿಯನ್ನು ಒಳಗೊಳಗೇ ಆಳುವುದು ಇದೇ.

ಬೆಳಕಿನ ಹಾನಿಗೆ ಎರಡು ಗುಣಗಳಿವೆ. ಆದ ಹಾನಿ ಹಿಂದಿರುಗುವುದಿಲ್ಲ, ಮತ್ತು ಅದು ಕೂಡುತ್ತ ಹೋಗುತ್ತದೆ. ಲಕ್ಸ್ ಎಂದರೆ ಒಂದು ಮೈಮೇಲೆ ಬೀಳುವ ಬೆಳಕಿನ ಅಳತೆ. 50 ಲಕ್ಸ್ ಬೆಳಕಿನಲ್ಲಿ ಹತ್ತು ಗಂಟೆ ಇಟ್ಟರೂ ಒಂದೇ, 500 ಲಕ್ಸ್‌ನಲ್ಲಿ ಒಂದು ಗಂಟೆ ಇಟ್ಟರೂ ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಲೆಕ್ಕವನ್ನು ಲಕ್ಸ್-ಗಂಟೆಯಲ್ಲಿ ಇಡುತ್ತಾರೆ. ಅಂತರರಾಷ್ಟ್ರೀಯ ದೀಪನ ಆಯೋಗ 2004ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ರೇಷ್ಮೆ, ಬೇಗ ಮಾಸುವ ಬಣ್ಣಗಳು, ಸುದ್ದಿಪತ್ರಿಕೆಯ ಕಾಗದದಂಥ ಅತಿ ಸೂಕ್ಷ್ಮ ವಸ್ತುಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ. ಜಲವರ್ಣ, ರೇಖಾಚಿತ್ರ, ಮುದ್ರಣಗಳಂಥ ಮಧ್ಯಮ ವರ್ಗಕ್ಕೆ 1,50,000. ಈ ಎರಡಕ್ಕೂ ಬೆಳಕು 50 ಲಕ್ಸ್ ಮೀರಬಾರದು. ಬಹುಪಾಲು ತೈಲವರ್ಣಗಳು ಸೇರುವ ವರ್ಗಕ್ಕೆ 200 ಲಕ್ಸ್, ವರ್ಷಕ್ಕೆ 6,00,000.

ಈಗ ಕೂಡಿಸಿ ನೋಡಿ. ರೇಷ್ಮೆಯ ಮೇಲಿನ ಒಂದು ಚಿತ್ರಕ್ಕೆ 50 ಲಕ್ಸ್ ಬೆಳಕಿದ್ದರೆ 15,000 ಮುಗಿಯಲು 300 ಗಂಟೆ ಸಾಕು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ತೆರೆದರೆ ಆರು ವಾರ ಕಳೆಯುತ್ತಿದ್ದಂತೆ ವರ್ಷದ ಪಾಲು ಖಾಲಿ. ಹನ್ನೆರಡು ವಾರ ತೂಗಿಸಿದರೆ 28,800, ಅಂದರೆ ಸುಮಾರು ಎರಡು ವರ್ಷದ ಪಾಲು. ಶುಕ್ರವಾರ ರಾತ್ರಿ ಮೂರು ಗಂಟೆ ಹೆಚ್ಚು ತೆರೆಯುವ ಆ ಜನಪ್ರಿಯ ಕಾರ್ಯಕ್ರಮ ಹನ್ನೆರಡು ವಾರದಲ್ಲಿ ಇನ್ನೂ 1,800 ಲಕ್ಸ್-ಗಂಟೆ ತಿನ್ನುತ್ತದೆ, ವರ್ಷದ ಪಾಲಿನ ಶೇಕಡ 12. ಹಾಗಾಗಿ ಒಳ್ಳೆಯ ಮ್ಯೂಸಿಯಮ್ಮಿನವರು ರಾತ್ರಿ ಪ್ರವೇಶವಿರುವ ದಿನ ಕಾಗದ ಮತ್ತು ಬಟ್ಟೆಯ ಕೋಣೆಗಳನ್ನು ಮಾಮೂಲು ಹೊತ್ತಿಗೇ ಮುಚ್ಚಿಬಿಡುತ್ತಾರೆ, ಇಲ್ಲವೇ ಜನ ಬಂದಾಗ ಮಾತ್ರ ಹೊತ್ತಿಕೊಳ್ಳುವ ದೀಪ ಹಾಕುತ್ತಾರೆ. ಬೆಳಗ್ಗೆ ಕಸ ಗುಡಿಸುವ ಹೊತ್ತಿನಲ್ಲಿ ಪ್ರದರ್ಶನದ ದೀಪ ಹಚ್ಚದೆ ಬೇರೆ ದೀಪದಲ್ಲಿ ಕೆಲಸ ಮುಗಿಸುವುದೂ ಇದೇ ಲೆಕ್ಕದ ಭಾಗ. ದಿನಕ್ಕೆ ಒಂದು ಗಂಟೆ ಉಳಿದರೆ ಮುನ್ನೂರು ದಿನಕ್ಕೆ ಉಳಿಯುವುದೇ 15,000 ಲಕ್ಸ್-ಗಂಟೆ.

ಈ ವಿಷಯದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ವ್ಯವಸ್ಥೆ ಎಡಿನ್‌ಬರೋದ್ದು. ಹೆನ್ರಿ ವಾನ್ ಎಂಬ ಸಂಗ್ರಾಹಕ ಟರ್ನರನ 38 ಜಲವರ್ಣಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗೆ ಬಿಟ್ಟುಹೋದಾಗ, ಹಗಲಿನ ಬೆಳಕು ತೀರ ಮಂಕಾಗಿರುವ ಜನವರಿಯಲ್ಲಿ ಮಾತ್ರ ಅವನ್ನು ತೋರಿಸಬೇಕೆಂದು ಷರತ್ತು ಹಾಕಿದ್ದ. ನೂರು ವರ್ಷ ಮೀರಿದರೂ ಆ ಪದ್ಧತಿ ನಡೆದುಬಂದಿದೆ, ಬಣ್ಣಗಳು ಬಹಳ ಚೆನ್ನಾಗಿ ಉಳಿದಿವೆ. ಇದಕ್ಕೆ ವಿರುದ್ಧವಾದ ಉದಾಹರಣೆ ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರ. ಈಗ ನೀಲಿಯಾಗಿ ಕಾಣುವ ಆ ಗೋಡೆಗಳು ಮೊದಲು ನೇರಳೆಯಾಗಿದ್ದವು, ನೀಲಿಗೆ ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿಹೋಯಿತು. ತೈಲವರ್ಣವೆಂದ ಮಾತ್ರಕ್ಕೆ 200 ಲಕ್ಸ್ ನಿಶ್ಚಿಂತೆ ಎಂದುಕೊಳ್ಳಬಾರದು, ಯಾವ ಬಣ್ಣ ಬಳಸಿದ್ದಾರೆ ಎನ್ನುವುದು ಮುಖ್ಯ.

50 ಲಕ್ಸ್ ಎಂದರೆ ಬಿಸಿಲಿನಿಂದ ನೇರ ಒಳಬಂದವರಿಗೆ ಕತ್ತಲೆಯೇ. ಹೊರಗಿನ ಸುಡುಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಅದಕ್ಕೇ ಕಾಗದದ ಕೃತಿಗಳ ಕೋಣೆಗೆ ಮುನ್ನ ಒಂದೆರಡು ಮಬ್ಬು ಕೋಣೆಗಳನ್ನು ಇಡುತ್ತಾರೆ. ಹಾಗಿಲ್ಲದ ಕಡೆ ನೋಡುಗರೇ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಒಳಹೋದರೆ ಅದೇ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ದೀಪದ ಕೋನವೂ ಅಷ್ಟೇ ಮುಖ್ಯ. ಲಂಬರೇಖೆಗೆ ಸುಮಾರು 30 ಡಿಗ್ರಿಯಲ್ಲಿ ಬೆಳಕು ಬಿದ್ದರೆ ಒಳ್ಳೆಯದು. ದೀಪ ಗೋಡೆಗೆ ತೀರ ಹತ್ತಿರ ಬಂದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ದೂರ ಹೋದರೆ ಗಾಜಿನ ಮೇಲೆ ಹೊಳಪು, ನೋಡುವವರದೇ ನೆರಳು. ಲಕ್ಸ್ ಮೀಟರನ್ನು ಚಿತ್ರದ ಮೈಗೆ ಸಮಾನಾಂತರವಾಗಿ ಹಿಡಿದು ನಡುವೆಯೂ ನಾಲ್ಕು ಮೂಲೆಯಲ್ಲೂ ಅಳೆಯಬೇಕು, ದೀಪದ ಕಡೆಗೆ ತಿರುಗಿಸಿ ಅಳೆದರೆ ಸಂಖ್ಯೆ ಸುಳ್ಳು ಹೇಳುತ್ತದೆ.

ಗುರುವಾರದ ಉದ್ಘಾಟನೆಯನ್ನು ಸಂರಕ್ಷಕರು ನೋಡುವ ಬಗೆಯೇ ಬೇರೆ. ಸುಮ್ಮನೆ ನಿಂತ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರಾವಿಯನ್ನೂ 100 ವ್ಯಾಟ್‌ನಷ್ಟು ಶಾಖವನ್ನೂ ಹೊರಬಿಡುತ್ತಾನೆ. ಇನ್ನೂರು ಜನ ಎರಡು ಗಂಟೆ ನಿಂತರೆ ಇಪ್ಪತ್ತು ಲೀಟರ್ ನೀರು ಗಾಳಿಗೆ ಸೇರಿದಂತೆ. ಹಲವು ದೊಡ್ಡ ಮ್ಯೂಸಿಯಮ್ಮುಗಳು ಒಪ್ಪಿಕೊಂಡ ಮಿತಿಯಲ್ಲಿ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗಿರುವ ಪಾಲು, ಶೇಕಡ 40ರಿಂದ 60, ಒಂದು ದಿನದಲ್ಲಿ ಆಗುವ ಏರಿಳಿತ 10ರೊಳಗೆ, ಉಷ್ಣತೆ 16ರಿಂದ 25 ಡಿಗ್ರಿ ಇರಬೇಕು. ಸಣ್ಣ ಕೋಣೆಯಲ್ಲಿ ಭಾಷಣ ಇಟ್ಟುಕೊಂಡರೆ ಒಂದೇ ಸಂಜೆಯಲ್ಲಿ ಈ ಮಿತಿ ದಾಟಿಬಿಡುತ್ತದೆ. ಭಾಷಣವೂ ತಿಂಡಿಯೂ ಹಜಾರದಲ್ಲಿ, ಗ್ಯಾಲರಿಗೆ ತಂಡತಂಡವಾಗಿ ಪ್ರವೇಶ ಎಂಬ ವ್ಯವಸ್ಥೆ ಅತಿಥಿಗಳಿಗೆ ಕಿರಿಕಿರಿ ಎನಿಸಬಹುದು, ಆದರೂ ಅದೇ ಸರಿ. ಒದ್ದೆ ಛತ್ರಿ ಹೊರಗೇ ಉಳಿಯಬೇಕು. ಹೂವಿನ ಅಲಂಕಾರವನ್ನು ಗ್ಯಾಲರಿಯೊಳಗೆ ಇಡಲೇಬಾರದು, ಹೂವಿನ ಜೊತೆ ಬಂದ ಹುಳುಗಳು ಅಲಂಕಾರ ತೆಗೆದ ಮೇಲೂ ಅಲ್ಲೇ ಉಳಿದುಕೊಳ್ಳುತ್ತವೆ.

ಬರಹದ ಫಲಕಗಳ ಬಗ್ಗೆ ಒಂದು ಮಾತು. ಒಂದು ಕೃತಿಯ ಪಕ್ಕದ ವಿವರಣೆ ಅರವತ್ತು ಎಪ್ಪತ್ತು ಪದ ಮೀರಿದರೆ ಓದುವವರು ಕಡಿಮೆಯಾಗುತ್ತಾರೆ. ಮೊದಲ ವಾಕ್ಯ ಚಿತ್ರದಲ್ಲಿ ಕಾಣುವ ಯಾವುದಾದರೂ ಒಂದನ್ನು ತೋರಿಸಬೇಕು, ಓದಿದವರ ಕಣ್ಣು ಮತ್ತೆ ಚಿತ್ರಕ್ಕೆ ಹೋಗಬೇಕು. ಕನ್ನಡದಲ್ಲಿ ಫಲಕ ಬರೆಸುವವರು ಇಂಗ್ಲಿಷ್ ಫಲಕದ ಸಾಲಂತರವನ್ನೇ ಇಟ್ಟುಕೊಂಡರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಂತರ ಕೊಟ್ಟರೆ ಮಬ್ಬು ಬೆಳಕಿನಲ್ಲೂ ಓದಬಹುದು. ಫಲಕದ ಜಾಗ ಸಾಲದಿದ್ದರೆ ಪದ ಕಡಿಮೆ ಮಾಡಬೇಕೇ ಹೊರತು ಅಕ್ಷರ ಕುಗ್ಗಿಸಬಾರದು.

ನೋಡುಗರು ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 27 ಸೆಕೆಂಡು ಬಂತು, ಮಧ್ಯಾಂಕ 17, ಅಂದರೆ ಅರ್ಧದಷ್ಟು ಸಲ ನಿಂತದ್ದು ಅದಕ್ಕಿಂತ ಹೆಚ್ಚಲ್ಲ. ಫಲಕ ಓದಿದ ಸಮಯವೂ ಇದರಲ್ಲೇ ಸೇರಿತ್ತು. ಇದನ್ನು ಜನರ ಅಸಡ್ಡೆ ಎಂದು ಬಗೆಯುವುದು ಅನ್ಯಾಯ. ಬಾಸ್ಟನ್ನಿನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಮ್ಯೂಸಿಯಂ ಆಯಾಸದ ಬಗ್ಗೆ ಬರೆದಿದ್ದರು. ತಗ್ಗಿನಲ್ಲಿಟ್ಟ ವಸ್ತು, ಇಕ್ಕಟ್ಟಿನ ಪೆಟ್ಟಿಗೆ, ಬಗ್ಗಿ ಓದಬೇಕಾದ ಚೀಟಿ ನೋಡುಗನ ಬೆನ್ನನ್ನೂ ಕುತ್ತಿಗೆಯನ್ನೂ ಹೇಗೆ ದಣಿಸುತ್ತವೆ ಎಂದು ಫೋಟೋ ಸಮೇತ ತೋರಿಸಿದ್ದರು. ಕೋಣೆಯ ನಡುವೆ ಒಂದು ಬೆಂಚು ಹಾಕುವುದು ಎಷ್ಟೋ ಉಪನ್ಯಾಸಗಳಿಗಿಂತ ಉಪಯೋಗದ ಕೆಲಸ ಎಂದು ನನ್ನ ಖಚಿತ ಅಭಿಪ್ರಾಯ.

ಭಾನುವಾರದ ಮಾರ್ಗದರ್ಶನದ ಸುತ್ತು ಚೆನ್ನಾಗಿರಬೇಕಾದರೆ ಒಂದು ಗಂಟೆಗೆ ಐದಾರು ಕೃತಿ ಸಾಕು, ಜನ ಹದಿನೈದರಿಂದ ಇಪ್ಪತ್ತು. ಮಾರ್ಗದರ್ಶಕರು ಚಿತ್ರದ ಪಕ್ಕಕ್ಕೆ ನಿಲ್ಲಬೇಕು, ಚಿತ್ರಕ್ಕೆ ಬೆನ್ನು ಹಾಕಿ ಎದುರಿಗೆ ನಿಂತರೆ ಮೊದಲ ಸಾಲಿನವರಿಗೂ ಕಾಣುವುದಿಲ್ಲ. ಅಬಿಗೇಲ್ ಹೌಸನ್ ಮತ್ತು ಫಿಲಿಪ್ ಯೆನಾವಿನ್ ರೂಪಿಸಿದ ಪದ್ಧತಿಯಲ್ಲಿ ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೆಯುತ್ತಿದೆ, ಏನನ್ನು ನೋಡಿ ಹಾಗೆ ಹೇಳುತ್ತೀರಿ, ಇನ್ನೇನು ಕಾಣುತ್ತದೆ. ಎರಡನೆಯದೇ ಜೀವಾಳ. ಅದನ್ನು ಬಿಟ್ಟರೆ ಮಾತು ಊಹಾಪೋಹಕ್ಕೆ ಇಳಿಯುತ್ತದೆ, ಅದನ್ನು ಕೇಳಿದ ಕೂಡಲೇ ಎಲ್ಲರ ಬೆರಳೂ ಚಿತ್ರದ ಒಂದು ಜಾಗವನ್ನು ಹುಡುಕತೊಡಗುತ್ತದೆ.

ಶನಿವಾರ ಮಕ್ಕಳಿಗೆ ಗ್ಯಾಲರಿಯೊಳಗೆ ಸೀಸದ ಕಡ್ಡಿ ಮಾತ್ರ. ಪೆನ್ನು, ಇದ್ದಿಲು, ನೀರಿನ ಬಣ್ಣ ಹೊರಗಿನ ಕೋಣೆಗೆ. ಗೋಡೆಗೆ ಒರಗಿ ಬರೆಯದಂತೆ ಒಂದೊಂದು ರಟ್ಟು ಕೊಟ್ಟು ನೆಲದ ಮೇಲೆ ಕೂರಿಸಿದರೆ ಮುಗಿಯಿತು. ಇಡೀ ಚಿತ್ರ ನಕಲು ಮಾಡಲು ಹೇಳಿದರೆ ಮಕ್ಕಳು ಬೇಗ ಸೋಲುತ್ತಾರೆ, ಒಂದು ಕೈಯನ್ನೋ ಒಂದು ಮರವನ್ನೋ ಬಿಡಿಸಲು ಹೇಳಿದರೆ ಅರ್ಧ ಗಂಟೆ ಕದಲುವುದಿಲ್ಲ.

ಜನ ಹೆಚ್ಚಿದ ದಿನ ಅಪಾಯ ಬರುವುದು ಹೆಚ್ಚಾಗಿ ಕೆಟ್ಟ ಉದ್ದೇಶದಿಂದಲ್ಲ, ಆಯತಪ್ಪುವುದರಿಂದ. 2006ರಲ್ಲಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ಮೆಟ್ಟಿಲ ಮೇಲೆ ಎಡವಿದ ಒಬ್ಬರಿಂದ ಚೀನಾದ ಚಿಂಗ್ ಕಾಲದ ಮೂರು ಹೂದಾನಿಗಳು ಚೂರಾದವು. 2010ರಲ್ಲಿ ಮೆಟ್ರೊಪಾಲಿಟನ್ನಿನಲ್ಲಿ ಒಬ್ಬ ಮಹಿಳೆ ಆಯತಪ್ಪಿ ಬಿದ್ದು ಪಿಕಾಸೊನ ನಟನ ಚಿತ್ರದಲ್ಲಿ ಸುಮಾರು 15 ಸೆಂಟಿಮೀಟರ್ ಸೀಳು ಬಿತ್ತು. ಎರಡನ್ನೂ ಸರಿಪಡಿಸಿದರು. ಬೆನ್ನಿಗೆ ಹಾಕಿದ ಚೀಲವನ್ನು ಹೊರಗಿಡಿ ಅಥವಾ ಎದೆಯ ಮೇಲೆ ಹಾಕಿಕೊಳ್ಳಿ ಎಂದು ಬಾಗಿಲಲ್ಲಿ ಹೇಳುವುದು ಈ ಕಾರಣಕ್ಕೆ. ತಿರುಗುವಾಗ ಬೆನ್ನ ಹಿಂದಿನ ಚೀಲ ಎಲ್ಲಿ ಸಾಗುತ್ತದೆಂದು ಹೊತ್ತವರಿಗೆ ಕಾಣುವುದಿಲ್ಲ.

ಹೋಗುವ ದಿನವನ್ನು ಆರಿಸುವವರಿಗೆ ಇಷ್ಟು. ಉದ್ಘಾಟನೆಯ ವಾರವೂ ಕೊನೆಯ ವಾರವೂ ಜನ ತುಂಬಿರುತ್ತಾರೆ, ನಡುವಿನ ವಾರಗಳ ಬುಧವಾರ ಗುರುವಾರದ ಮಧ್ಯಾಹ್ನ ತೆರಪಾಗಿರುತ್ತದೆ. ಶಾಲಾ ತಂಡಗಳು ಸಾಮಾನ್ಯವಾಗಿ ಬೆಳಗ್ಗೆ ಬಂದು ಊಟದ ಹೊತ್ತಿಗೆ ಹೋಗಿರುತ್ತವೆ. ಪ್ರದರ್ಶನದ ಕೊನೆಯ ದಿನಾಂಕವೇ ಎಲ್ಲ ಕೃತಿಗಳ ಕೊನೆಯ ದಿನಾಂಕ ಎಂದು ನಂಬಬಾರದು. 2023ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ವರ್ಮೀರನ 28 ಚಿತ್ರಗಳನ್ನು ಒಂದೆಡೆ ಸೇರಿಸಿತ್ತು. ಪ್ರದರ್ಶನ ಜೂನ್ ಮೊದಲ ವಾರದವರೆಗೂ ನಡೆಯಿತು, ಆದರೆ ಮುತ್ತಿನ ಓಲೆಯ ಹುಡುಗಿಯ ಚಿತ್ರ ಮಾರ್ಚ್ ಕೊನೆಗೇ ಹೇಗ್ ನಗರದ ತನ್ನ ಮ್ಯೂಸಿಯಮ್ಮಿಗೆ ಮರಳಿತ್ತು. ಕಾಗದದ ಕೃತಿಗಳಿರುವ ದೀರ್ಘ ಪ್ರದರ್ಶನಗಳಲ್ಲಿ ಅರ್ಧದಾರಿಯಲ್ಲಿ ಒಂದು ಕಂತು ಇಳಿದು ಇನ್ನೊಂದು ಕಂತು ಗೋಡೆಗೇರುವುದು ಮಾಮೂಲು. ಯಾವುದೋ ಒಂದೇ ಜಲವರ್ಣಕ್ಕಾಗಿ ದೂರದಿಂದ ಬರುವವರು ಮೊದಲೇ ಮ್ಯೂಸಿಯಮ್ಮಿಗೆ ಬರೆದು, ಅದರ ನೋಂದಣಿ ಸಂಖ್ಯೆ ಹೇಳಿ, ಆ ವಾರ ಅದು ಗೋಡೆಯ ಮೇಲಿರುತ್ತದೆಯೇ ಎಂದು ಕೇಳಬೇಕು. ಉಗ್ರಾಣದಲ್ಲಿದ್ದರೆ ಅಧ್ಯಯನ ಕೊಠಡಿಯಲ್ಲಿ ಮುಂಗಡ ಸಮಯ ಪಡೆದು ನೋಡುವ ಅವಕಾಶ ಹಲವು ಕಡೆ ಇದೆ, ಅಲ್ಲಿ ಗಾಜಿನ ಅಡ್ಡಿಯಿಲ್ಲದೆ, ಮೇಜಿನ ಮೇಲಿಟ್ಟು, ಎಷ್ಟು ಹೊತ್ತಾದರೂ ನೋಡಬಹುದು.